ಬೆಳ್ಳಿಗಾಜು ಮತ್ತು ಬೆನ್ನು ತಿರುಗಿಸಿದ ಬೊಮ್ಮೋಜ

"ಕೇಳಿರಿ ಪುರಜನರೇ! ರಾಜಕುಮಾರಿ ಪದ್ಮಲೆ ತಾನೇ ಮಾಡಿದ ಗಾಜಿನ ಮೇಲೆ ಮೂರು ಒಗಟು ಒಡ್ಡುವಳು. ಬಿಡಿಸಿದವನಿಗೆ ಬೇಡಿದ್ದು ಸಿಗುವುದು, ರಾಜಕುಮಾರಿ ಒಪ್ಪಿದರೆ ಅವಳ ಕೈಯೂ. ತಪ್ಪಿದವನ ತಲೆ ಸಂಜೆಗೆ ಉರುಳುವುದು!"

ಡಂಗುರ ಕೇಳಿ ಅರಮನೆಗೆ ಜನ ಮುಗಿಬಿದ್ದರು. ಬಿಸಿಲು ಬರುವ ಹೆಬ್ಬಾಗಿಲು ಸಿಂಹಾಸನದ ಎದುರಿಗಿತ್ತು. ಒಳಗೆ ಬಂದವರು ರಾಜನಿಗೆ ಬೆನ್ನು ತೋರಿಸುವಂತಿರಲಿಲ್ಲ. ತೋರಿಸಿದರೆ ಅದಕ್ಕೂ ತಲೆದಂಡ.

"ಈ ತುದಿಯವಳು ನಿಮ್ಮ ಮುಖವನ್ನೇ ನಿಮಗೆ ತೋರಿಸುತ್ತಾಳೆ. ಯಾರಿವಳು?" ಎಂದಳು ಪದ್ಮಲೆ, ಗಾಜಿನ ಒಂದು ತುದಿ ತೋರಿಸಿ.

"ಪಾದರಸ!" ಎಂದ ಪಕ್ಕದ ದೇಶದ ರಾಜಕುಮಾರ. ಭಟರು ಅವನನ್ನು ಎಳೆದೊಯ್ದರು.

ಬೆಳ್ಳಿಯನ್ನು ಬಡಿದು ತೆಳು ವರಖು ಮಾಡುವ ಮಾದೋಜ "ಬೆಳ್ಳಿ" ಎಂದು ಗೆದ್ದ. ಸಭೆ ಹೋ ಎಂದಿತು!

"ಬಿಸಿಲಲ್ಲಿ ಕೆಂಪಾಗುವ ನಡುವಿನವಳು, ಹಳದಿಯಾಗುವ ಆಚೆ ತುದಿಯವಳು, ಈ ಬೆಳ್ಳಿಗೆ ಏನಾಗಬೇಕು?" ಎಂದಳು ಪದ್ಮಲೆ.

"ಅಕ್ಕತಂಗಿಯರು!" ಎಂದ ಮಾದೋಜ.

ತಪ್ಪು. ಅವನ ಕಾಲಿಗೂ ಸಂಕೋಲೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಅವನ ತಮ್ಮ ಬೊಮ್ಮೋಜ ಅದನ್ನು ಕಂಡ. ಸಾಕಿ ಬೆಳೆಸಿದ ಅಣ್ಣ! ಜನರನ್ನು ತಳ್ಳಿಕೊಂಡು ಮುಂದೆ ಬಂದ.

"ಮೊದಲನೆಯದು ಬೆಳ್ಳಿ, ಬುದ್ಧೀ. ಎರಡನೆಯದು ಗೊತ್ತಿಲ್ಲ. ಗಾಜು ಕೊಡಿ, ನೋಡ್ತೀನಿ."

ಗಾಜು ಕೈಗೆ ಬಂದದ್ದೇ ತಡ, ವರಖನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಅವನನ್ನು ಗರ್ರನೆ ಬಾಗಿಲಿನತ್ತ ತಿರುಗಿಸಿತು. ಸಭೆ ಬೆಚ್ಚಿಬಿತ್ತು. ಅವನಿಗೆ ಅದರ ಪರಿವೆಯೇ ಇಲ್ಲ! ಕನ್ನಡಿಯಂಥ ತುದಿ ನಸುನೀಲಿಯಾಗಿ, ಹಾಗೇ ತೆಳುವಾಗುತ್ತ ಕೆಂಪಿಗೆ, ಕೆಂಪಿನಿಂದ ಹಳದಿಗೆ ಜಾರಿತು. ನಡುವೆ ಗೆರೆಯೇ ಇರಲಿಲ್ಲ.

"ಅಕ್ಕತಂಗಿಯರಲ್ಲ! ಮೂರೂ ಒಬ್ಬಳೇ, ಬೆಳ್ಳಿಯೇ!"

"ಹಾಗಾದರೆ ಬಣ್ಣ ಹಚ್ಚಿದವರು ಯಾರು?" ಪದ್ಮಲೆ ಮೂರನೆಯ ಒಗಟು ಒಡ್ಡಿದಳು.

"ಯಾರೂ ಇಲ್ಲ. ವರಖು ಹರಿದರೆ ಬೆಳ್ಳಿ ಕಣ ಕಣವಾಗಿ ಚದುರುತ್ತೆ, ಇದೂ ಹಾಗೇ. ಬಿಸಿಲು, ಮತ್ತೆ ಕಣಕ್ಕೂ ಕಣಕ್ಕೂ ಇರೋ ದೂರ!"

ಪದ್ಮಲೆ ಚಪ್ಪಾಳೆ ತಟ್ಟಿಬಿಟ್ಟಳು. "ಸರಿ, ಮೂರೂ ಸರಿ! ಅಪ್ಪಾಜಿ, ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು ದೂರ ದೂರ ಕೂತರೆ ಬಿಸಿಲಿನ ನೀಲಿಯನ್ನು ನುಂಗುತ್ತವೆ, ನಮಗೆ ಹಳದಿ ಉಳಿಯುತ್ತದೆ. ಹತ್ತಿರ ಸರಿದರೆ ಹಸಿರನ್ನು ನುಂಗಿ ಕೆಂಪು ಉಳಿಸುತ್ತವೆ. ಒಂದಾಗಿ ಹರಡಿಕೊಂಡರೆ ಬೆಳಕನ್ನು ಹಿಂದಕ್ಕೆ ತಳ್ಳಿ ಕನ್ನಡಿಯಾಗುತ್ತವೆ!"

ರಾಜ ಗುಡುಗಿದ. "ಆದರೆ ಇವನು ನನಗೆ ಬೆನ್ನು ತೋರಿಸಿದ!"

"ತಪ್ಪಾಯ್ತು ಬುದ್ಧೀ. ಆದ್ರೆ ನಿಮ್ಮ ಕಡೆ ತಿರುಗಿ ನಿಂತ್ರೆ ಈ ಬಣ್ಣ ಕಾಣಲ್ಲ."

ರಾಜ ಕೆಳಗಿಳಿದು ಗಾಜು ಕಸಿದುಕೊಂಡ, ಬಾಗಿಲಿಗೆ ಎತ್ತಿ ಹಿಡಿದ. ಅದನ್ನು ನೋಡಲು ಸಭೆಯೆಲ್ಲ ಅತ್ತ ತಿರುಗಿತು. ಎಲ್ಲರ ಬೆನ್ನೂ ಖಾಲಿ ಸಿಂಹಾಸನದ ಕಡೆಗೆ. ರಾಜ ಹೊಟ್ಟೆ ಹಿಡಿದು ನಕ್ಕ. "ಏನು ಬೇಕೋ ಕೇಳು!"

"ಅಣ್ಣ ಬೇಕು. ಆ ರಾಜಕುಮಾರನನ್ನೂ ಬಿಟ್ಟುಬಿಡಿ."

"ನನ್ನ ಕೈ ಕೇಳಲೇ ಇಲ್ಲವಲ್ಲ?" ಎಂದಳು ಪದ್ಮಲೆ.

ಬೊಮ್ಮೋಜ ಆಗಲೇ ಅಣ್ಣನ ಕಾಲ ಬಳಿ ಕೂತಿದ್ದ. "ಈ ಸಂಕೋಲೆಯೊಂದು ಬಿಚ್ಚಲಿ ಅಮ್ಮಣ್ಣಿ," ಎಂದ, "ಆಮೇಲೆ ಮನೆಗೆ ಹಿರಿಯ ಅಣ್ಣನೇ ಬಂದು ನನಗಾಗಿ ಕೇಳ್ತಾನೆ."