ಕೇಕಿನ ಮೇಲೆ ಅಧ್ಯಕ್ಷರ ಮೀಸೆ

ಗೋಪಾಲನ ದಯೆ, ನಮ್ಮ ಭಜನಾ ಮಂಡಳಿಯ ವಾರ್ಷಿಕೋತ್ಸವಕ್ಕೆ ಅಡುಗೆಯ ಪದ್ದಕ್ಕ ದೊಡ್ಡ ತಟ್ಟೆಯ ತುಂಬ ಚಾಕಲೇಟ್ ಕೇಕ್ ಬೇಯಿಸಿದ್ದಳು.

"ಮೇಲೆ ನನ್ನ ಮುಖ ಬರೀಬೇಕು. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ," ಎಂದರು ಅಧ್ಯಕ್ಷ ವಾಮನರಾಯರು.

ಪದ್ದಕ್ಕ ಕೆನೆಯಲ್ಲಿ ಬರೆದಳು, ಮೀಸೆ ಸಮೇತ. ಗೋಪಾಲಸ್ವಾಮಿಗೆ ನೈವೇದ್ಯವಾಯಿತು. ಗೋಪಾಲ ನಕ್ಕನೆಂದೇ ನನ್ನ ನಂಬಿಕೆ.

ಪದ್ದಕ್ಕ ಚಾಕು ಹಿಡಿದು ಕೂಗಿದಳು: "ರಾಯರ ಮೂಗು ಯಾರಿಗೆ?"

"ನನಗೆ ಕಿವಿ!"

"ಮೀಸೆ ನಮ್ಮ ಪುಟ್ಟಿಗೆ!"

ರಾಯರ ಹೆಂಡತಿ ದೊನ್ನೆ ಚಾಚಿದರು. "ಆ ಬಾಯಿ ನನಗಿರಲಿ, ಪದ್ದಕ್ಕ."

ಚಾಕು ಕೆನೆಯ ರಾಯರ ಕುತ್ತಿಗೆಗೆ ಬಂತು.

"ಬಿಡ್ತು ಅನ್ನೇ! ಬದುಕಿರೋವಾಗಲೇ ಹಂಚ್ತೀಯಾ? ಅಳಿಸು!" ರಾಯರು ಕಿರುಚಿದರು.

ಪದ್ದಕ್ಕ ಸೌಟಿನ ಬೆನ್ನಿನಿಂದ ಮುಖವನ್ನು ಸವರಿಬಿಟ್ಟಳು. "ಹಾಗಾದರೆ ನಾಳೆ ಕೆಲಸಕ್ಕೆ?"

"ಬಾ ತಾಯಿ, ಬಾ!"

ಸ್ವಾಮಿಯ ಪ್ರಸಾದ ಎಲ್ಲರಿಗೂ ಸಿಕ್ಕಿತು. ರಾಯರು ಮಾತ್ರ ತಿನ್ನುವಾಗಲೂ ಮೂಗು ಮುಟ್ಟಿ ನೋಡಿಕೊಳ್ಳುತ್ತಿದ್ದರು.