ಗಿಳಿ ತಂದ ಗಂಟಿನ ಪಾಠ

ವಿದ್ಯೆ ಕೊಡುವ ತಾಯಿ ಶಾರದೆಗೆ ಮೊದಲು ಕೈಮುಗಿಯುತ್ತೇನೆ.

ಮನೆಯವರು ಹೆಂಚು ತೆಗೆದು ತಾರಸಿ ಹಾಕಿಸಿದಾಗ ಗುಬ್ಬಕ್ಕನ ಗೂಡು ಹೋಯಿತು; ಮೊಟ್ಟೆಯಿಡುವ ಕಾಲ ಹತ್ತಿರವಾಗಿತ್ತು. ಸುದ್ದಿ ತಿಳಿದ ಹೊಳೆಯಾಚೆಯ ಗೀಜಗ ಗುರುಗಳು ಗೂಡು ಹೆಣೆಯುವ ಪಾಠವನ್ನು ಗಿಳಿಯ ಬಾಯಲ್ಲಿ ಕಳಿಸಿದರು. ದಿನಕ್ಕೊಂದೇ ಗಂಟು, ಕಲಿತರೆ ಗುರುತಿಗೊಂದು ಹಳದಿ ಗರಿ.

"ನಿನಗೇ ಹೆಣೆಯಲು ಬಾರದು, ನನಗೇನು ಕಲಿಸ್ತೀಯೋ?" ಎಂದಳು ಗುಬ್ಬಕ್ಕ.

"ನಿಜ ಅಕ್ಕ, ಬಾರದು. ಆದರೆ ಗುರುಗಳ ಮಾತನ್ನು ಒಂದಕ್ಷರ ಕೆಡಿಸದೆ ಹೇಳುತ್ತೇನೆ. ಎಷ್ಟು ಸಲ ಕೇಳಿದರೂ ಸಿಡುಕೋದಿಲ್ಲ."

ಗುಬ್ಬಕ್ಕ ಅದನ್ನೂ ಪರೀಕ್ಷಿಸಿದಳು. ಮೊದಲ ಗಂಟನ್ನೇ ಬೆಳಗಿನಿಂದ ಕೇಳಿದಳು; ಗಿಳಿ ಅದೇ ದನಿಯಲ್ಲಿ ಹೇಳುತ್ತಲೇ ಇತ್ತು. ಸಂಜೆಗೆ ಗಂಟು ಬಿಗಿಯಿತು; ಗಿಳಿ ಗುರುಗಳ ಹಳದಿ ಗರಿ ಕೊಟ್ಟಿತು.

"ನಾಳೆ ಬೇಗ ಬಾರಪ್ಪ," ಎಂದಳು.

ಮರದ ಕೊಂಬೆಗೆ ಹೆಣೆದ ಗೂಡು ಮುಗಿದು ಮೊಟ್ಟೆಯಿಟ್ಟ ಮೇಲೆ ಬಿರುಗಾಳಿ ಬೀಸಿತು. ಕೊಂಬೆ ತೂಗಿತು, ಗೂಡು ತೂಗಿತು, ಒಂದು ಮೊಟ್ಟೆಯೂ ಉರುಳಲಿಲ್ಲ.

ಕೇಳಿದ ನಿಮಗೆಲ್ಲ ತಾಯಿ ಕಲಿಯುವ ಧೈರ್ಯ ಕೊಡಲಿ. ಯಾರ ಬಾಯಲ್ಲಿ ಬಂದರೂ ವಿದ್ಯೆ ನಿಮಗೆ ಹತ್ತಲಿ.