ಚಿನ್ನದ ಎಲೆ ಮತ್ತು ಕಲಾಯಿ ದುಗ್ಗ

"ಬೆಳಗೂರಿನ ಸಮಸ್ತರೂ ಕೇಳಿ. ಅರಸರ ಮಗಳು ಕಾಂತಿಮತಿದೇವಿಯವರು ಮೂರು ಒಗಟು ಕೇಳುತ್ತಾರೆ. ಉತ್ತರ ಹೇಳಿ, ಹೇಳಿದ್ದನ್ನು ತಟ್ಟೆಯ ಮೇಲೆ ತೋರಿಸಿದವನಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವನ ತಲೆ ಮುಂದಿನ ಶುಕ್ರವಾರ ಮಧ್ಯಾಹ್ನ ಹೋಗುತ್ತದೆ."

ಡಂಗುರ ಕೇಳಿ, ಪಾತ್ರೆಗೆ ತವರ ಬಳಿಯುವ ಕಲಾಯಿ ದುಗ್ಗ ತಿದಿ ಒತ್ತುವುದನ್ನೂ ನಿಲ್ಲಿಸಲಿಲ್ಲ. ಓದಿದವರ ಆಟ, ನಮಗೇಕೆ ಅಂದುಕೊಂಡ. ಅರಮನೆಯಲ್ಲಿ ಪಂಜು ಹಿಡಿಯುತ್ತಿದ್ದ ಅವನ ಅಣ್ಣ ಮಲ್ಲ ಮಾತ್ರ ಅದೇ ಸಂಜೆ ಹೋಗಿ ಹೆಸರು ಕೊಟ್ಟುಬಂದ. ಬೆಳಕಿನ ವಿಷಯ ತನಗಿಂತ ಯಾರಿಗೆ ಗೊತ್ತು ಎನ್ನುವ ಜಂಬ.

ತಟ್ಟೆಯ ಸಂಗತಿ ಹೇಳದೆ ಕತೆ ಮುಂದೆ ಹೋಗುವುದಿಲ್ಲ. ಗಾಜಿನ ಭರಣಿಯೊಳಗೆ ಎರಡು ತೆಳ್ಳನೆಯ ಚಿನ್ನದ ಎಲೆ. ಅವು ಜೋತುಬಿದ್ದ ಕಡ್ಡಿಯ ಮೇಲ್ತುದಿಗೆ ಯಾವುದೋ ಬಿಳಿ ಲೋಹದ ತಟ್ಟೆ. ಉಣ್ಣೆಯಲ್ಲಿ ಉಜ್ಜಿದ ಅರಗಿನ ಕೋಲು ಮುಟ್ಟಿಸಿದರೆ ಕಣ್ಣಿಗೆ ಕಾಣದ ಕಣಗಳು ತಟ್ಟೆಯಲ್ಲಿ ತುಂಬಿ ಎಲೆಗಳು ಬಿಚ್ಚಿಕೊಳ್ಳುತ್ತವೆ. ಕಣಗಳು ಹಾರಿಹೋದರೆ ಎಲೆಗಳು ಮತ್ತೆ ಕೂಡಿಕೊಳ್ಳುತ್ತವೆ. ಇಷ್ಟನ್ನು ರಾಜಕುಮಾರಿಯೇ ಸಭೆಗೆ ತಿಳಿಸಿ ಒಗಟು ಶುರುಮಾಡಿದಳು.

"ಎಷ್ಟೇ ಕೆಂಪು ಬೆಳಕು ಸುರಿದರೂ ಎಲೆ ಕೂಡುವುದಿಲ್ಲ. ಮಿಣುಕು ನೇರಳೆ ದೀಪಕ್ಕೆ ಕೂಡುತ್ತದೆ. ಯಾಕೆ? ಇದು ಮೊದಲನೆಯದು. ನೀರು ಕಾಯಲು ಹೊತ್ತು ಬೇಕು. ನೇರಳೆ ಬೆಳಕು ಬಿದ್ದ ಕ್ಷಣವೇ ಕಣ ಹಾರುತ್ತದೆ. ಅದಕ್ಕೇಕೆ ಹೊತ್ತು ಬೇಡ? ಇದು ಎರಡನೆಯದು. ನೇರಳೆ ದೀಪ ಒಂದಿರಲಿ, ಹತ್ತಿರಲಿ, ಕಣದ ನೆಗೆತ ಅಷ್ಟೇ. ನಾನೇ ಅಳೆದಿದ್ದೇನೆ. ಹಾಗಾದರೆ ಹೆಚ್ಚಾದ ಬೆಳಕು ಎಲ್ಲಿ ಹೋಯಿತು? ಇದು ಮೂರನೆಯದು."

ಈಗಿನ ಕಾಲೇಜು ಮೇಷ್ಟ್ರುಗಳು ಇದಕ್ಕೆ ದ್ಯುತಿವಿದ್ಯುತ್ ಪರಿಣಾಮ ಎಂದು ಹೆಸರಿಟ್ಟಿದ್ದಾರೆ. ಬೆಳಗೂರಿನಲ್ಲಿ ಹೆಸರಿರಲಿಲ್ಲ, ಬರೀ ಭಯವಿತ್ತು.

ಮೊದಲು ಕಡಲತೀರದ ರಾಜಕುಮಾರ ಬಂದ. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. "ಕೆಂಪು ಬೆಳಕು ಕೊಡದಲ್ಲಿ ನೀರು ತುಂಬಿದಂತೆ ನಿಧಾನವಾಗಿ ತುಂಬುತ್ತದೆ, ಕಾಯಬೇಕು" ಅಂದ. ಕೆಂಪು ದೀಪ ಹಚ್ಚಿಟ್ಟು ಬೆಳಗಿನಿಂದ ಸಂಜೆಯವರೆಗೂ ಕಾದ. ಎಲೆ ಅಲುಗಲಿಲ್ಲ. ಆ ಶುಕ್ರವಾರ ಅವನ ತಲೆ ಹೋಯಿತು. ಇದೆಲ್ಲ ಬೆದರಿಕೆ ಅಷ್ಟೇ ಎಂದುಕೊಂಡಿದ್ದ ಊರು ಬೆಚ್ಚಿಬಿತ್ತು.

ಮುಂದಿನ ಸೋಮವಾರ ಮಲ್ಲನ ಸರದಿ. ಹಿಂದೆಗೆಯಲು ಅಪ್ಪಣೆ ಇರಲಿಲ್ಲ. "ಕೆಂಪು ಬೆಳಕು ಸಾಲದು ತಾಯಿ" ಎಂದು ನೂರು ಪಂಜು ಹೊತ್ತಿಸಿ ಸುತ್ತ ನಿಲ್ಲಿಸಿದ. ಸಭೆಯ ಪರದೆ ಸೀದುಹೋಯಿತು. ಎಲೆ ಮಾತ್ರ ಇದ್ದಂತೆಯೇ ಇತ್ತು. ಅವನ ಕೈಗೆ ಬೇಡಿ ಬಿತ್ತು. ದುಗ್ಗನಿಗೆ ಸುದ್ದಿ ಮುಟ್ಟಿದಾಗ ಕೈಯಲ್ಲಿದ್ದ ಇಕ್ಕಳ ಕೆಂಡದೊಳಗೆ ಬಿತ್ತು. ಮೂರು ದಿನ ಅವನು ಒಲೆಯ ಮುಂದೆ ಕೂತು, ಊರೆಲ್ಲ ಹೇಳುತ್ತಿದ್ದ ಆ ಮೂರು ಒಗಟನ್ನೇ ತಿರುವಿಹಾಕಿದ.

ಶುಕ್ರವಾರ ಬೆಳಗ್ಗೆ ಮಸಿ ಕೈಯಲ್ಲೇ ಸಭೆಗೆ ಹೋಗಿ ನಿಂತ. "ಬುದ್ಧಿ, ನಾನು ಹೇಳ್ತೀನಿ. ತಪ್ಪಿದ್ರೆ ನಮ್ಮಣ್ಣನ ಜೊತೆಗೆ ನನ್ನದೂ ತೆಗೀರಿ."

"ಹೇಳು" ಅಂದ ಅರಸ.

"ನೆಗ್ಗಿದ ಹಂಡೇನ ಸಣ್ಣ ಸುತ್ತಿಗೇಲಿ ಸಾವಿರ ಸಲ ತಟ್ಟಿದ್ರೂ ನೆಗ್ಗು ಏಳಲ್ಲ. ದೊಡ್ಡ ಸುತ್ತಿಗೆಯ ಒಂದೇ ಏಟಿಗೆ ಏಳುತ್ತೆ. ಬೆಳಕು ನೀರಿನ ಹಂಗೆ ಹರಿಯಲ್ಲ ಬುದ್ಧಿ, ಏಟುಏಟಾಗಿ ಬೀಳುತ್ತೆ. ಕೆಂಪು ಸಣ್ಣ ಸುತ್ತಿಗೆ, ನೇರಳೆ ದೊಡ್ಡದು. ಕಣ ಲೋಹ ಬಿಟ್ಟು ಬರೋಕೆ ಇಷ್ಟು ಬಲ ಅಂತ ಬೇಕೇ ಬೇಕು. ಕೆಂಪಿನ ಏಟಿಗೆ ಅಷ್ಟು ಬಲ ಇಲ್ಲ. ಅದು ಮೊದಲನೇದು."

"ಎರಡನೆಯದು?" ರಾಜಕುಮಾರಿ ಎದ್ದು ನಿಂತಿದ್ದಳು.

"ಒಂದು ಏಟು ಒಂದು ಕಣಕ್ಕೆ. ತಗುಲಿದ್ರೆ ಆಗಲೇ ಹಾರುತ್ತೆ, ಕೂಡಿಡೋದು ಏನೂ ಇಲ್ಲ. ಇನ್ನು ಮೂರನೇದು. ಹತ್ತು ದೀಪ ಅಂದ್ರೆ ಹತ್ತು ಆಳು, ಸುತ್ತಿಗೆ ಎಲ್ಲರದೂ ಒಂದೇ ತೂಕ. ಹಾರೋ ಕಣ ಹೆಚ್ಚಾಗ್ತವೆ, ನೆಗೆತ ಹೆಚ್ಚಲ್ಲ. ಬಿಡಿಸಿಕೊಳ್ಳೋಕೆ ಖರ್ಚಾಗಿ ಮಿಕ್ಕ ಬಲವೇ ನೆಗೆತ."

ರಾಜಕುಮಾರಿ ಅರಗಿನ ಕೋಲು ಮುಟ್ಟಿಸಿದಳು. ಎಲೆಗಳು ಬಿಚ್ಚಿಕೊಂಡವು. ದುಗ್ಗ ನೇರಳೆ ದೀಪ ಹಿಡಿದ.

ಎಲೆ ಅಲುಗಲಿಲ್ಲ.

ದಿನವೂ ಕೂಡುತ್ತಿದ್ದ ಎಲೆ ಇವತ್ತೇ ಕೈಕೊಟ್ಟಿತ್ತು. ರಾಜಕುಮಾರಿಯ ಮುಖ ಬಿಳಿಚಿಕೊಂಡಿತು. ತಳವಾರರು ಅವನ ತೋಳು ಹಿಡಿದರು. ಹಿಡಿದೆಳೆಯುವಾಗ ಬಗ್ಗಿದ ದುಗ್ಗನಿಗೆ ತಟ್ಟೆಯ ಮೈ ಹತ್ತಿರದಿಂದ ಕಂಡಿತು. "ತಡೀರಿ. ಇದಕ್ಕೆ ಏನು ಬಳಿದಿದ್ದೀರಿ?"

ಅರಸರ ಪಕ್ಕದಲ್ಲಿದ್ದ ರಾಣಿಯವರು ಮೆಲ್ಲಗೆ ಹೇಳಿದರು: "ತಲೆ ತೆಗೆಸುವ ತಟ್ಟೆ, ಕೆಟ್ಟ ದೃಷ್ಟಿ ಇರಬಾರದು ಅಂತ ಬೆಳಗ್ಗೆ ಪೂಜೆ ಮಾಡಿಸಿದೆ. ತುಪ್ಪ ಸವರಿ ಅರಿಶಿನ ಕುಂಕುಮ ಹಚ್ಚಿದ್ದಾರೆ."

"ಏಟೆಲ್ಲ ತುಪ್ಪಕ್ಕೆ ಬಿತ್ತು ತಾಯಿ. ಹುಣಸೆಹಣ್ಣು, ಬೂದಿ ತರಿಸಿ."

ಪುರೋಹಿತರು ಅಪಚಾರ ಎಂದು ಕಿವಿ ಮುಚ್ಚಿಕೊಂಡರು. ದುಗ್ಗ ಕುಂಕುಮವನ್ನೆಲ್ಲ ತಿಕ್ಕಿ ತೊಳೆದು, ಪಂಚೆಯಲ್ಲಿ ಒರೆಸಿ, ತಟ್ಟೆಯನ್ನು ಫಳಫಳ ಹೊಳೆಯಿಸಿ ಇಟ್ಟ. ಮತ್ತೆ ಅರಗಿನ ಕೋಲು, ಮತ್ತೆ ನೇರಳೆ ದೀಪ. ಎಲೆಗಳು ಕೂಡಿಕೊಂಡವು. ಇನ್ನೊಮ್ಮೆ ಕೋಲು ಮುಟ್ಟಿಸಿ ಎರಡು ದೀಪ ಹಿಡಿದಾಗ ಇನ್ನೂ ಬೇಗ ಕೂಡಿದವು. ರಾಜಕುಮಾರಿ ನೆಗೆತ ಅಳೆದು ನೋಡಿದಳು, ಅಷ್ಟೇ ಇತ್ತು. ತಳವಾರರು ತಾವಾಗಿಯೇ ಕೈ ಬಿಟ್ಟರು.

ಅರಸ ಮಗಳ ಕಡೆ ತಿರುಗಿದ. "ನಿನ್ನ ಬಳಿ ಇರುವ ಉತ್ತರವೂ ಇದೇ ತಾನೇ?"

"ನನ್ನ ಬಳಿ ಉತ್ತರ ಇರಲಿಲ್ಲ ಅಪ್ಪಾಜಿ. ಎಷ್ಟು ವರ್ಷ ನೋಡಿದರೂ ತಿಳಿಯಲಿಲ್ಲ. ಅದಕ್ಕೇ ಕೇಳಿದೆ. ತಲೆಯ ಪಣ ಇಟ್ಟರೆ ಯಾರಾದರೂ ಯೋಚಿಸಿ ಬರುತ್ತಾರೆ ಅಂದುಕೊಂಡೆ."

ಉತ್ತರ ಗೊತ್ತಿಲ್ಲದೆಯೇ ತಲೆ ತೆಗೆಸಿದ್ದರು ಎಂದು ದುಗ್ಗನಿಗೆ ಆಗ ಹೊಳೆಯಿತು. ತಟ್ಟೆ ಕೈಕೊಟ್ಟಾಗ ಕೂಡ ಅವನು ಇಷ್ಟು ಹೆದರಿರಲಿಲ್ಲ.

"ಬೇಡಿಕೋ" ಅಂದ ಅರಸ.

"ನಮ್ಮಣ್ಣನ್ನ ಬಿಡಿ ಬುದ್ಧಿ. ಡಂಗುರದಲ್ಲಿ ತಲೆ ತೆಗೆಯೋ ಮಾತು ಅಳಿಸಿಬಿಡಿ."

ಎರಡೂ ಆದವು. ಅದರ ಮೇಲೆ ಅರಸ ಮಗಳ ಪ್ರಯೋಗಶಾಲೆಯ ಯಜಮಾನಿಕೆಯನ್ನೂ ಅವನಿಗೆ ಕೊಟ್ಟ, ದುಗ್ಗ ಬೇಡವೆನ್ನಲಿಲ್ಲ. ಬೇಡಿ ಕಳಚಿದ ಮಲ್ಲ ಬಂದು ತಮ್ಮನ ಮಸಿ ಕೈ ಹಿಡಿದುಕೊಂಡು ಅತ್ತ. ಹೊರಡುವ ಮುಂಚೆ ದುಗ್ಗ ರಾಜಕುಮಾರಿಯ ಮುಂದೆ ನಿಂತು ಕೇಳಿದ:

"ಹಂಗಾದ್ರೆ ಆ ಕಡಲ ಕಡೆ ಹುಡುಗನ ತಲೆ ಯಾತಕ್ಕೆ ಹೋಯ್ತು ಅವ್ವಾ?"

ಅವಳು ಕೈಯಲ್ಲಿದ್ದ ಅರಗಿನ ಕೋಲನ್ನು ಕೆಳಗಿಟ್ಟಳು. ಮೂರು ಒಗಟಿಗೂ ಉತ್ತರ ಸಿಕ್ಕ ಆ ಊರಿನಲ್ಲಿ ಈ ಪ್ರಶ್ನೆಗೆ ಇವತ್ತಿಗೂ ಯಾರೂ ಉತ್ತರ ಹೇಳಿಲ್ಲ.